ಹೆಬ್ಬೆರಳಗಲದ ಬರಿಗಬ್ಬಿಣ

ನಮ್ಮ ಮನೆಯ ಮುಂಬಾಗಿಲಿನಲ್ಲಿ, ಚಿಲಕಕ್ಕಿಂತ ತುಸು ಮೇಲೆ, ಅಂಗೈಯಷ್ಟು ಜಾಗದಲ್ಲಿ ಬಣ್ಣ ಹೋಗಿದೆ. ಬರುವವರು ಹೋಗುವವರು ಎಲ್ಲರೂ ಅಲ್ಲೇ ಕೈಯಿಟ್ಟು ದೂಡುವುದರಿಂದ ಹಸಿರು ಸವೆದು ಒಳಗಿನ ಸಾಗುವಾನಿ ಇಣುಕುತ್ತಿದೆ. ಇದು ಲೋಕದ ಗಂಭೀರ ಸಮಸ್ಯೆಗಳ ಯಾದಿಯಲ್ಲಿ ಸೇರುವಂಥದ್ದಲ್ಲ ಎಂಬ ತಿಳಿವಳಿಕೆ ನನಗೂ ಇದೆ. ಆದರೆ ಬಸವಕಲ್ಯಾಣದ ಕಾಲೇಜೊಂದರಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ, ಪ್ರತಿ ಪರೀಕ್ಷೆಯಲ್ಲೂ ‘ಬಿಟ್ಟ ಸ್ಥಳ ತುಂಬಿರಿ’ ಎಂದು ಮಕ್ಕಳಿಗೆ ಅಪ್ಪಣೆ ಕೊಡುತ್ತ ಬಂದವನಿಗೆ ಎಲ್ಲಿ ಖಾಲಿ ಜಾಗ ಕಂಡರೂ ಕೈ ತುರಿಸುತ್ತದೆ. ವಿದ್ಯಾರ್ಥಿ ತುಂಬದೆ ಬಿಟ್ಟ ಸ್ಥಳವನ್ನು ಕೆಂಪು ಶಾಯಿಯಲ್ಲಿ ನಾನೇ ತುಂಬಿ, ನನ್ನ ಉತ್ತರಕ್ಕೆ ನಾನೇ ಮನಸ್ಸಿನಲ್ಲಿ ಪೂರ್ಣಾಂಕ ಕೊಟ್ಟುಕೊಂಡ ಉದಾಹರಣೆಗಳೂ ಉಂಟು. ಅಡುಗೆಮನೆಯ ಗೋಡೆಯ ಮಾಡಿನಲ್ಲಿ ಉಪ್ಪಿನಕಾಯಿ ಭರಣಿಗಳ ಪಕ್ಕ ನನ್ನ ನಾಲ್ಕಾರು ಬಣ್ಣದ ಡಬ್ಬಿಗಳೂ ಒಂದು ಕುಂಚವೂ ಸದಾ ಸನ್ನದ್ಧವಾಗಿರುತ್ತವೆ. ಕಿಟಕಿಯ ಸರಳಿಗೆ ಒಂದು ಗೀರು ಬಿದ್ದರೆ ಸಾಕು, ನಾನು ಹಾಜರು. ಹೆಂಡತಿ ಈ ನನ್ನ ಕಲೋಪಾಸನೆಯನ್ನು ಒಂದು ಬಗೆಯ ಚರ್ಮರೋಗವೆಂದು ಪರಿಗಣಿಸಿ ಬಹಳ ಹಿಂದೆಯೇ ಕ್ಷಮಿಸಿಬಿಟ್ಟಿದ್ದಾಳೆ.

ಹೋದ ವಾರ ಆ ಬಾಗಿಲಿಗೂ ಕುಂಚ ಎತ್ತಿದ್ದೆ. ಎತ್ತಿದ ಕುಂಚವನ್ನು ಇಳಿಸಿದೆ. ಯಾಕೆ ಇಳಿಸಿದೆನೆಂದು ಹೇಳಬೇಕಾದರೆ ನಿಮ್ಮನ್ನು ಮೊದಲು ಹುಲಸೂರಿಗೂ ಆಮೇಲೆ ಹುಮನಾಬಾದಿಗೂ ಕರೆದೊಯ್ಯಬೇಕಾಗುತ್ತದೆ. ರಸ್ತೆ ಚೆನ್ನಾಗಿದೆ, ಬೇಸರವಾಗದು.

ಹುಲಸೂರಿನಲ್ಲಿ ನನ್ನ ಅಕ್ಕ ಸುಶೀಲಾ ಇದ್ದಾಳೆ. ನನಗಿಂತ ಹತ್ತು ವರ್ಷ ದೊಡ್ಡವಳು. ಸರಕಾರಿ ದವಾಖಾನೆಯಲ್ಲಿ ನರ್ಸಾಗಿದ್ದು ನಿವೃತ್ತಳಾದವಳು. ಸುತ್ತಿನ ಹಳ್ಳಿಗಳಿಗೆ ಇಂದಿಗೂ ಆಕೆ ‘ನರ್ಸಬಾಯಿ’. ನಮ್ಮದು ಹೊಲದ ಕೂಲಿಯ ಮನೆತನ. ನಮ್ಮ ಓಣಿಯಲ್ಲಿ ಸೈಕಲ್ಲಿದ್ದವರನ್ನೇ ಜನ ಎದ್ದು ನಿಂತು ನೋಡುತ್ತಿದ್ದ ಕಾಲದಲ್ಲಿ ಆಕೆ, ಊರು ಬಿಟ್ಟು ಹೊರಟಿದ್ದ ಒಬ್ಬ ಡಾಕ್ಟರರಿಂದ ಹಳೆಯ ಕಾರೊಂದನ್ನು ಕೊಂಡು, ತಾನೇ ನಡೆಸಿಕೊಂಡು ಬಂದು ಓಣಿಯ ಬಾಯಿಗೆ ನಿಲ್ಲಿಸಿದಳು. ಹೆಂಗಸೊಬ್ಬಳು ಮೋಟಾರು ನಡೆಸುವುದನ್ನು ಆ ದಿನ ಹಲವರು ಮೊದಲ ಸಲ ಕಂಡರು, ನಾನೂ ಸೇರಿದಂತೆ. ಲಸಿಕೆಯ ಡಬ್ಬಿ ಹಿಂದಿನ ಸೀಟಿನ ಮೇಲೆ, ಪಕ್ಕದಲ್ಲಿ ಯಾರಾದರೂ ತುಂಬುಗರ್ಭಿಣಿ, ಮುಂದೆ ಬಿಳಿ ಸೀರೆಯುಟ್ಟ ನಮ್ಮಕ್ಕ. ಕರಿಮಣ್ಣಿನ ಹಾದಿಯಲ್ಲಿ ಆ ಕಾರು ಹೋಗದ ಊರಿಲ್ಲ. ಆ ಹಿಂದಿನ ಸೀಟಿನಲ್ಲೇ ಹುಟ್ಟಿದವರು ಮೂವರಿದ್ದಾರೆ. ಅವರಲ್ಲೊಬ್ಬ ಈಗ ಹಳ್ಳಿಖೇಡದ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಟ್ರಾಕ್ಟರು ಓಡಿಸುತ್ತಾನೆ, ಎಲ್ಲಿ ಅಕ್ಕನನ್ನು ಕಂಡರೂ ಇಳಿದು ನಮಸ್ಕಾರ ಮಾಡಿಯೇ ಮುಂದೆ ಹೋಗುತ್ತಾನೆ.

ಅಕ್ಕನಿಗೊಂದು ವಿಚಿತ್ರ ಪದ್ಧತಿಯಿತ್ತು. ದಸರೆಯ ದಿನ ಊರಲ್ಲೆಲ್ಲ ಗಾಡಿಗಳಿಗೆ ಚೆಂಡುಹೂವಿನ ಹಾರ, ಕುಂಬಳಕಾಯಿ, ನಿಂಬೆಹಣ್ಣು. ನಮ್ಮ ಮನೆಯಲ್ಲಿ ಬುದ್ಧನ ಪಟದ ಮುಂದೆ ಮೇಣದಬತ್ತಿ ಹಚ್ಚಿ ಮುಗಿದ ಮೇಲೆ ಅಕ್ಕ ಸೆರಗು ಸಿಕ್ಕಿಸಿ, ಕಾರಿನ ಬಾನೆಟ್ಟು ಎತ್ತಿ, ಒಂದು ಚೂರು ಉಪ್ಪುಕಾಗದ ತೆಗೆದುಕೊಂಡು ಎಂಜಿನ್ನಿನ ಪಕ್ಕೆಯ ಒಂದೇ ಒಂದು ಜಾಗವನ್ನು ಗಸಗಸ ತಿಕ್ಕುತ್ತಿದ್ದಳು. ಹೆಬ್ಬೆರಳಗಲದ ಜಾಗ. ಅದು ಬೆಳ್ಳಗೆ ಹೊಳೆಯುವ ತನಕ ತಿಕ್ಕಿ, ಬೋಲ್ಟು ಬಿಗಿದು, ಬಾನೆಟ್ಟು ಮುಚ್ಚಿ ಕೈ ತೊಳೆದುಕೊಂಡರೆ ಆಕೆಯ ವಾಹನಪೂಜೆ ಸಂಪನ್ನ. ನೂರೆಂಟು ಭಾಗಗಳಿರುವ ಯಂತ್ರದಲ್ಲಿ ಇಷ್ಟೇ ಇಷ್ಟಕ್ಕೆ ಈ ಉಪಚಾರ ಯಾಕೆಂದು ಕೇಳಬೇಕೆಂದು ನನಗೆ ಎಂದೂ ಹೊಳೆಯಲಿಲ್ಲ. ದೊಡ್ಡವರ ಪದ್ಧತಿಗಳನ್ನು ಪ್ರಶ್ನಿಸುವುದನ್ನು ತರಗತಿಯಲ್ಲಿ ಬೋಧಿಸುತ್ತೇನೆ, ಮನೆಯಲ್ಲಿ ಅಷ್ಟಾಗಿ ಆಚರಿಸುವುದಿಲ್ಲ.

ಐದು ವರ್ಷದ ಹಿಂದೆ ಅಕ್ಕನ ಕಣ್ಣಿಗೆ ಕಾಚಬಿಂದು ಎಂದು ತಿಳಿಯಿತು. ಸುತ್ತಲಿನ ನೋಟ ಕರಗುತ್ತ ಬಂದು ನಡುವಿನದಷ್ಟೇ ಉಳಿಯುವ ಕಾಯಿಲೆ. ಕೊಳವೆಯೊಳಗಿಂದ ನೋಡಿದಷ್ಟು ಜಗತ್ತು ಆಕೆಗೀಗ ಕಾಣುತ್ತದೆ. ಆ ಕೊಳವೆಯೂ ವರ್ಷ ವರ್ಷ ಕಿರಿದಾಗುತ್ತಿದೆ. ಇನ್ನು ಕಾರು ನಡೆಸಬೇಡಿ ಎಂದು ಡಾಕ್ಟರು ಒಮ್ಮೆ ಹೇಳಿದರು. ಎರಡನೆಯ ಸಲ ಹೇಳಿಸಿಕೊಳ್ಳುವ ಜಾಯಮಾನ ಆಕೆಯದಲ್ಲ. ಅಂದೇ ಕಾರನ್ನು ಅಂಗಳದ ಬೇವಿನ ಮರದಡಿ ನಿಲ್ಲಿಸಿ, ಕೀಲಿಯನ್ನು ಗೋಡೆಯ ಮೊಳೆಗೆ ಹಾಕಿದಳು. ಕಾರಿನ ಮೇಲೆ ಬೇವಿನೆಲೆ ಬಿತ್ತು, ಕೋಳಿ ಕೂತಿತು, ಎಂಜಿನ್ನು ತುಕ್ಕು ಹಿಡಿಯಿತು. ಕಳೆದ ಶ್ರಾವಣದಲ್ಲಿ ನಾನು ಹೋದಾಗ ಆಕೆ ತಣ್ಣಗೆ ಹೇಳಿದಳು:

“ತಮ್ಮಾ, ಕಾರ ಗುಜರಿಗಿ ಹಾಕಾಕತ್ತೀನಿ. ದಿನಾ ಮುಂಜಾನೆ ಎದ್ದು ಅದರ ಮಾರಿ ನೋಡೂದು ನನ್ನಿಂದ ಆಗವಲ್ದು.”

ಕಾರಿನ ಬಗ್ಗೆ ನನಗೆ ಅಂಥ ಮೋಹವೇನೂ ಇರಲಿಲ್ಲ. ಆದರೆ ಆ ಮಾತು ಕೇಳಿ ನಾನು ಎದ್ದು ಗೋಡೆಯ ಮೊಳೆಯಿಂದ ಕೀಲಿ ತೆಗೆದೆ. ನಾನು ರಿಪೇರಿ ಮಾಡಿಸುತ್ತೇನೆ, ನನಗೆ ಕೊಡು, ಎಂದೆ. ಆಕೆ ನನ್ನನ್ನು ಹುಡುಕಿ, ಕೊಳವೆಯ ನಡುವಿಗೆ ತಂದುಕೊಂಡು ಹೇಳಿದಳು:

“ದಸರಾ ತನಕ ನೋಡ್ತೀನಿ. ತನ್ನ ಕಾಲ ಮ್ಯಾಲೆ ನಡ್ಕೊಂಡು ನನ್ನ ಅಂಗಳಕ್ಕ ಬಂತಂದ್ರ ಇರ್ಲಿ. ಹಗ್ಗ ಕಟ್ಟಿ ಎಳ್ಕೊಂಡ ಬಂದ್ರಿ ಅಂದ್ರ ಹಂಗೇ ಗುಜರಿಯವನ ಕೈಗಿ ಕೊಡ್ತೀನಿ. ಮರದಿನಾನೇ ಬಾ ಅಂತ ಅವಗ ಹೇಳಿಟ್ಟಿರ್ತೀನಿ.”

ಹಾಗೆ ಆ ಕಾರು ಒಂದು ಲಾರಿಯ ಮೇಲೇರಿ ಬಸವಕಲ್ಯಾಣಕ್ಕೆ ಬಂದು, ಹೆದ್ದಾರಿಯ ಬದಿಯ ಖಾಜಾಮಿಯಾರ ಗ್ಯಾರೇಜು ಸೇರಿತು. ಖಾಜಾಮಿಯಾ ಮೆಕ್ಯಾನಿಕ್ಕರಲ್ಲಿ ಮಿತಭಾಷಿ. ಮೂರು ವಾರದಲ್ಲಿ ಎಂಜಿನ್ನನ್ನು ಬಿಚ್ಚಿ, ಗೋಣಿಚೀಲದ ಮೇಲೆ ಸಾಲಾಗಿ ಹರವಿ, ಕೈ ಒರೆಸಿಕೊಳ್ಳುತ್ತ, “ಒಳಗಿನ ಕೆಲಸ ನಂದು ಸರ. ಮ್ಯಾಲಿನ ಬಣ್ಣ ನಿಮ್ ಶೌಕು. ಹುಮನಾಬಾದಕ್ಕ ನಾಗನಾಥನ ಹತ್ರ ಒಯ್ರಿ,” ಎಂದರು. ಬಣ್ಣ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ನನ್ನ ಚರ್ಮರೋಗ ಮೈಯೆಲ್ಲ ಎದ್ದಿತು.

ಎಂಜಿನ್ನಿನ ಮೇಲ್ಮುಚ್ಚಳವನ್ನು ಹೆಂಡತಿಯ ಹಳೆಯ ಸೀರೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು, ಉಳಿದ ಸಣ್ಣಪುಟ್ಟ ಕಬ್ಬಿಣವನ್ನು ಚೀಲದಲ್ಲಿ ತುಂಬಿ ಕಾಲ ಬಳಿಯಿಟ್ಟುಕೊಂಡು, ನಾನು ಹುಮನಾಬಾದಿನ ಬಸ್ಸು ಹತ್ತಿದೆ. ಎಂಜಿನ್ನಿನ ದೊಡ್ಡ ಮೈ ಖಾಜಾಮಿಯಾರ ಟೆಂಪೋದಲ್ಲಿ ಹಿಂದೆ ಬರುವುದಿತ್ತು. ತೊಡೆಯ ಮೇಲಿನ ಗಂಟನ್ನು ನಾನು ಹಿಡಿದುಕೊಂಡ ಎಚ್ಚರಿಕೆ ನೋಡಿ ಪಕ್ಕದಲ್ಲಿ ಕೂತಿದ್ದ ಮುದುಕಿ, “ಎಷ್ಟ ತಿಂಗಳದ್ರಿ ಕೂಸು?” ಎಂದು ಮೆಲ್ಲಗೆ ಕೇಳಿದಳು. ಸೀರೆಯ ಸಂದಿನಿಂದ ಎಣ್ಣೆಯ ವಾಸನೆ ಬಂದ ಮೇಲೆ ಆಕೆ ಕಿಟಕಿಯತ್ತ ಮುಖ ತಿರುಗಿಸಿ ಹುಮನಾಬಾದಿನವರೆಗೂ ನನ್ನನ್ನು ನೋಡಲಿಲ್ಲ.

ನಾಗನಾಥನ ಕಾರ್ಖಾನೆ ತಗಡಿನ ಒಂದು ಉದ್ದನೆಯ ಶೆಡ್ಡು. ಮನೆಯ ಗೇಟು, ಕಿಟಕಿಯ ಜಾಲರಿ, ಟ್ರಾಕ್ಟರಿನ ಬಿಡಿಭಾಗ, ಆಸ್ಪತ್ರೆಯ ಮಂಚ, ಎಲ್ಲಕ್ಕೂ ಪುಡಿಬಣ್ಣ ಹಾಕುವುದು ಅವನ ಕಸುಬು. ಹೋದ ಕೂಡಲೇ ಚಹ ತರಿಸಿ, ಗೋಡೆಗೆ ಕಟ್ಟಿದ ತಂತಿಯಿಂದ ತಗಡಿನ ಮಾದರಿಗಳ ಒಂದು ಸರವನ್ನು ತೆಗೆದು ನನ್ನ ಮುಂದೆ ಸುರಿದ. ಒಂದೊಂದೂ ಬಿಸ್ಕತ್ತಿನಷ್ಟು ದೊಡ್ಡದು, ಒಂದೊಂದಕ್ಕೂ ಒಂದೊಂದು ಬಣ್ಣ. ಓದುಗ ಮಿತ್ರರೇ, ಆ ಕ್ಷಣದವರೆಗೆ ನನ್ನ ಅಜ್ಞಾನದ ಪ್ರಮಾಣ ನನಗೇ ತಿಳಿದಿರಲಿಲ್ಲ. ಕಪ್ಪು ಎಂದರೆ ಒಂದೇ ಎಂದು ನಂಬಿ ಅರವತ್ತರ ಹತ್ತಿರ ಬಂದವನು ನಾನು. ಅಲ್ಲಿ ಕಪ್ಪೇ ಏಳು ಇತ್ತು. ಮುಖ ಕಾಣುವಂತೆ ಹೊಳೆಯುವ ಕಪ್ಪು, ಹೊಳೆದೂ ಹೊಳೆಯದ ಕಪ್ಪು, ಬೆಳಕನ್ನೆಲ್ಲ ನುಂಗಿ ಸುಮ್ಮನಿರುವ ಮಂದ ಕಪ್ಪು, ಮರಳು ಸವರಿದಂಥ ಕಪ್ಪು, ಸುತ್ತಿಗೆಯಿಂದ ಹದವಾಗಿ ಬಡಿದಂತೆ ಕಾಣುವ ಕಪ್ಪು, ಒಳಗೆ ಬೆಳ್ಳಿಯ ಕಣಗಳಿರುವ ಕಪ್ಪು, ಮತ್ತು ಮುದುಕರ ಅಂಗೈಯಂತೆ ನಿರಿ ನಿರಿಯಾಗಿ ಸುಕ್ಕುಗಟ್ಟಿದ ಕಪ್ಪು. ಏಕವರ್ಣವೊಂದರಲ್ಲಿ ಇಷ್ಟು ಭಾವಗಳು ಹುದುಗಿರುವಾಗ ನಾನು ಇಷ್ಟು ವರ್ಷ ನವರಸಗಳಿಗೇ ತೃಪ್ತನಾಗಿದ್ದೆನಲ್ಲ ಎಂದು ನಾಚಿಕೆಯಾಯಿತು. ಬೆರಳಿಂದ ಒಂದೊಂದನ್ನೂ ಸವರಿದೆ. ಚಹ ಆರಿಹೋಯಿತು.

ಮೇಲ್ಮುಚ್ಚಳಕ್ಕೆ ಹೊಳೆಯುವ ಕೆಂಪು ಹಾಕಿಸಬೇಕೆಂದು ನಾನು ಮನೆಯಿಂದಲೇ ಸಂಕಲ್ಪ ಮಾಡಿಕೊಂಡು ಹೋಗಿದ್ದೆ. ಅಕ್ಕನನ್ನು ಫೋನಿನಲ್ಲಿ ಕೇಳಿದರೆ, “ಕೆಂಪ ಬ್ಯಾಡೋ. ನೌಕರ್‍ಯಾಗ ಸಾಕಷ್ಟ ನೋಡೀನಿ,” ಎಂದಿಷ್ಟೇ ಹೇಳಿದಳು. ಯಾವ ಬಣ್ಣ ಬೇಕೆಂದರೆ, “ನಿಂಗ ತಿಳಿದದ್ದು ಹಚ್ಚು, ನಂಗೇನ ಕಾಣಸ್ತದ,” ಎಂದಳು. ಆ ಮಾತಾದ ಮೇಲೆ ಮಾದರಿಗಳ ಸರ ನನ್ನ ಕೈಯಲ್ಲಿ ಭಾರವಾಯಿತು. ಯಾರಿಗಾಗಿ ಬಣ್ಣವೋ ಅವರಿಗೇ ಕಾಣದಿದ್ದರೆ ಏನು ಆರಿಸುವುದು? ನನ್ನ ಮುಖ ನೋಡಿ ನಾಗನಾಥ ಕಾರಣ ಕೇಳಿದ. ಹೇಳಿದೆ. ಅವನು ಸರದಿಂದ ಆ ಸುಕ್ಕಿನ ತಗಡನ್ನೇ ಬಿಡಿಸಿ ನನ್ನ ಅಂಗೈಯಲ್ಲಿಟ್ಟ.

“ಕಣ್ಣ ಮುಚ್ಚಿ ಮುಟ್ರಿ ಸರ. ಇದು ಕೈಗಿ ಕಾಣಸ್ತದ. ಇದ್ರಾಗ ಹಸರೂ ಅದ.”

ಕಣ್ಣು ಮುಚ್ಚಿ ಮುಟ್ಟಿದೆ. ಬೆರಳ ತುದಿಗೆ ಸಣ್ಣ ಸಣ್ಣ ದಿಬ್ಬ, ಸಣ್ಣ ಸಣ್ಣ ಕಣಿವೆ. ಬಣ್ಣವನ್ನು ಹೀಗೆ ಓದಬಹುದೆಂದು ನನಗೆ ಯಾವ ಅಲಂಕಾರಶಾಸ್ತ್ರವೂ ಹೇಳಿರಲಿಲ್ಲ. ಮುಚ್ಚಳಕ್ಕೆ ಸುಕ್ಕಿನ ಹಸಿರು ಎಂದು ಅಲ್ಲೇ ನಿಶ್ಚಯವಾಯಿತು.

ಎಂಜಿನ್ನಿನ ಮೈಗೆ ಕಡುಗಪ್ಪು ಹಾಕಿದರೆ ಕೊಳೆ ಕಾಣದು ಎಂದು ನಾನು ಜಾಣತನ ಮೆರೆದೆ. ನಾಗನಾಥ ನಕ್ಕ. ಎಣ್ಣೆ ಎಲ್ಲಿ ಸೋರುತ್ತದೆಂದು ಕಾಣಬೇಕಾದರೆ ಮೈ ತಿಳಿಯಾಗಿರಬೇಕು, ಅದಕ್ಕೇ ತಿಳಿಬೂದು ಹಚ್ಚುತ್ತೇವೆ, ಎಂದ. ಕೊಳೆ ಬಿದ್ದರೆ ಕೂಡಲೇ ಕಾಣಿಸುವ ಅಕ್ಕನ ಬಿಳಿ ಸೀರೆ ನೆನಪಾಗಿ ಒಪ್ಪಿಕೊಂಡೆ. ಹೊಗೆಯ ಕೊಳವೆಗೆ ಪುಡಿಬಣ್ಣ ನಿಲ್ಲದು, ಸುಟ್ಟು ಹೋಗುತ್ತದೆ. ಅದಕ್ಕೆ ಶಾಖ ತಡೆಯುವ ಬೆಳ್ಳಿ ಬಣ್ಣವೇ ಬೇರೆ, ಅದು ಎಂಜಿನ್ನಿನ ತನ್ನದೇ ಬಿಸಿಯಲ್ಲಿ ಬೆಂದು ಗಟ್ಟಿಯಾಗುತ್ತದಂತೆ. ಪಕ್ಕೆಗೆ ಕೂರುವ ಅಂಗೈಯಗಲದ ಒಂದು ಬ್ರಾಕೆಟ್ಟಿಗೆ ಮಾತ್ರ ನನ್ನ ಹಟ ನಡೆಯಿತು. ಮುಖ ಕಾಣುವ ಕಪ್ಪನ್ನು ಅದಕ್ಕೆ ಆರಿಸಿದೆ. ಒಂದಾದರೂ ತುಂಡಿನಲ್ಲಿ ನನ್ನ ಮುಖ ನನಗೆ ಕಾಣಲಿ ಎಂಬ ಅಲ್ಪ ಆಸೆ.

ವಾರ ಬಿಟ್ಟು ಬಣ್ಣ ಹಾಕುವ ದಿನ ನಾನು ಕಾಲೇಜಿಗೆ ರಜೆ ಹಾಕಿ ಮತ್ತೆ ಹೋದೆ. ಏನನ್ನು ಕಂಡೆನೋ ಅದನ್ನು ಹೇಳಲು ಇಂದಿಗೂ ನನಗೆ ತಕ್ಕ ಪದಗಳಿಲ್ಲ. ತೊಳೆದು, ಮರಳು ಹಾಯಿಸಿ, ತುಕ್ಕೆಲ್ಲ ಹೋಗಿ ಬೂದುಬಣ್ಣಕ್ಕೆ ತಿರುಗಿದ್ದ ಆ ಬ್ರಾಕೆಟ್ಟನ್ನು ನಾಗನಾಥ ಒಂದು ಕೊಂಡಿಗೆ ತೂಗು ಹಾಕಿದ. ಕೈಯಲ್ಲೊಂದು ಬಂದೂಕಿನಂಥ ಸಾಧನ ಹಿಡಿದು ಅದರತ್ತ ಒಣ ಪುಡಿಯನ್ನು ಊದಿದ. ನೀರಿಲ್ಲ, ಎಣ್ಣೆಯಿಲ್ಲ, ಅಂಟಿಲ್ಲ. ಬರೀ ಪುಡಿ. ಅದು ಗಾಳಿಯಲ್ಲಿ ಹಬ್ಬಿ ನೆಲಕ್ಕೆ ಬೀಳಬೇಕಾದದ್ದು ಬೀಳದೆ, ಹಟ ಹಿಡಿದ ಮಗು ತಾಯಿಯತ್ತ ಓಡುವಂತೆ ಓಡಿ ಕಬ್ಬಿಣವನ್ನು ತಬ್ಬಿಕೊಂಡಿತು. ಮುಂದೆ ಮಾತ್ರವಲ್ಲ. ಬಂದೂಕು ನೋಡದೇ ಇದ್ದ ಹಿಂಬದಿಗೂ ಪುಡಿ ಬಳಸಿಕೊಂಡು ಹೋಗಿ ಅಂಟಿತು. ನಾನು ಬಗ್ಗಿ ಹಿಂದೆ ನೋಡಿದೆ, ಮುಂದೆ ನೋಡಿದೆ. ಎಲ್ಲೆಡೆ ಮೆತ್ತಗಿನ ಕಪ್ಪು ಹೂಧೂಳಿ. ಆಮೇಲೆ ಅದನ್ನು ಭಟ್ಟಿಯೊಳಗೆ ತಳ್ಳಿದರು. ಗಾಜಿನ ಕಿಂಡಿಯಲ್ಲಿ ಕಣ್ಣಿಟ್ಟು ನಿಂತೆ. ಧೂಳು ಧೂಳಾಗಿಯೇ ಇತ್ತು, ಇತ್ತು, ಇದ್ದಕ್ಕಿದ್ದಂತೆ ಒಂದು ಅಂಚಿನಲ್ಲಿ ಬೆವರಿತು. ಆ ಬೆವರು ಹರಡುತ್ತ ಬಂದು ಇಡೀ ತುಂಡು ಒಂದೇ ಹೊಳಪಿನ ಮೈಯಾಯಿತು. ನನ್ನ ಕಣ್ಣು ಒದ್ದೆಯಾದದ್ದು ಭಟ್ಟಿಯ ಕಾವಿಗೆ ಎಂದು ನಾಗನಾಥನಿಗೆ ಹೇಳಿದೆ.

ಈ ಆನಂದಾತಿಶಯದಲ್ಲಿ ನಾನು ಮುಳುಗಿರುವಾಗ ಅವನು ಪಕ್ಕದಲ್ಲಿ ನಿಂತು ಏನೋ ವಿವರಿಸುತ್ತಿದ್ದ. “ಕೊಂಡಿ ಹಿಡಿದಿದ್ದ ಜಾಗ ನೋಡ್ರಿ ಸರ, ಅಲ್ಲಿ ಬಣ್ಣ ಹತ್ತಂಗಿಲ್ಲ. ಕರೆಂಟ ಅಲ್ಲಿಂದಾನೇ ಹೋಗೂದು, ಅದಕ್ಕೇ ಪುಡಿ ಹಿಡೀತದ. ಗಾಡಿ ಅರ್ಥಿಂಗಿನ ಬೋಲ್ಟ ಕೂಡೂ ಜಾಗಾನೂ ಅದೇ ಇರಲಿ ಅಂತ ಅಲ್ಲೇ ಕೊಂಡಿ ಹಾಕೀನಿ. ಹಂಗೇ ಬಿಡ್ರಿ ಅದು.” ನಾನು ಹೌದು ಹೌದೆಂದು ತಲೆಯಾಡಿಸಿದೆ. ಮೂವತ್ತು ವರ್ಷ ನನ್ನೆದುರು ಕೂತು, ಕಿಟಕಿಯಾಚೆಯ ನವಿಲನ್ನು ನೋಡುತ್ತ ನನ್ನ ಪಾಠಕ್ಕೆ ತಲೆಯಾಡಿಸಿದ ಎಲ್ಲ ವಿದ್ಯಾರ್ಥಿಗಳ ಸೇಡು ಆ ಒಂದು ಗಳಿಗೆಯಲ್ಲಿ ತೀರಿತು ಎಂದು ಈಗ ಅನಿಸುತ್ತದೆ.

ದಸರೆಗೆ ಮೂರು ದಿನವಿರುವಾಗ ಕಾರು ಸಿದ್ಧವಾಯಿತು. ಖಾಜಾಮಿಯಾ ಕೀಲಿ ತಿರುಗಿಸಿದರು, ಎಂಜಿನ್ನು ಒಂದೇ ಸಲಕ್ಕೆ ಎದ್ದಿತು. ಮನೆಯ ಮುಂದೆ ತಂದು ನಿಲ್ಲಿಸಿ, ದಿನಕ್ಕೆ ಹತ್ತು ಸಲ ಬಾನೆಟ್ಟು ಎತ್ತಿ ನೋಡಿದೆ. ಸುಕ್ಕಿನ ಹಸಿರು ಮುಚ್ಚಳ, ತಿಳಿಬೂದು ಮೈ, ಬೆಳ್ಳಿಯ ಕೊಳವೆ, ನನ್ನ ಮುಖ ಕಾಣುವ ಕಪ್ಪು ಬ್ರಾಕೆಟ್ಟು. ಓಣಿಯವರನ್ನೂ ಕರೆದು ತೋರಿಸಿದೆ. ಹತ್ತನೆಯ ಸಲವೋ ಹನ್ನೊಂದನೆಯ ಸಲವೋ ನೋಡುವಾಗ ಕಂಡಿತು. ಆ ಬ್ರಾಕೆಟ್ಟಿನ ಒಂದು ಮೂಲೆಯಲ್ಲಿ, ಜಡೆಯಂತೆ ಹೆಣೆದ ತಾಮ್ರದ ಪಟ್ಟಿಯೊಂದು ಬೋಲ್ಟಿನಿಂದ ಬಿಗಿದಿದ್ದಲ್ಲಿ, ಸುತ್ತ ಒಂದು ಹೆಬ್ಬೆರಳಗಲ ಬರಿಗಬ್ಬಿಣ. ಬಣ್ಣವೇ ಇಲ್ಲ. ಇಡೀ ಕಾವ್ಯದಲ್ಲಿ ಒಂದು ಅಕ್ಷರ ಬಿಟ್ಟುಹೋದ ಹಾಗೆ. ಅಷ್ಟು ಒಳ್ಳೆಯ ಕೆಲಸಗಾರ ಇಷ್ಟು ಬಿಟ್ಟನಲ್ಲ ಎಂದು ನಾಗನಾಥನ ಮೇಲೆ ಸ್ವಲ್ಪ ಕನಿಕರವೂ ಬಂತು.

ಮುಂದಿನದನ್ನು ನೀವು ಊಹಿಸಿದ್ದೀರಿ. ಪಾನಾ ತಂದು ಬೋಲ್ಟು ಬಿಚ್ಚಿದೆ. ನನ್ನ ಜೀವಮಾನದ ಏಕೈಕ ಯಾಂತ್ರಿಕ ಸಾಧನೆ ಅದು. ಅಡುಗೆಮನೆಯ ಮಾಡಿನಿಂದ ಕಪ್ಪು ಡಬ್ಬಿ ಇಳಿಸಿ, ಉಸಿರು ಬಿಗಿಹಿಡಿದು, ಒಂದು ಹನಿಯೂ ಹೊರಚೆಲ್ಲದಂತೆ ಹಚ್ಚಿದೆ. ಒಣಗಿಸಿ ಎರಡನೆಯ ಸಲ ಹಚ್ಚಿದೆ. ಬೋಲ್ಟಿನ ತಿರುಪಿಗೂ ಒಂದು ಲೇಪ ಕೊಟ್ಟೆ. ಮಾಡುವ ಕೆಲಸ ಪೂರ್ಣವಾಗಿರಬೇಕಲ್ಲ. ಮರುದಿನ ಪಟ್ಟಿ ಕೂರಿಸಿ ಬಿಗಿದೆ. ಬಿಟ್ಟ ಸ್ಥಳ ತುಂಬಿತು. ಪೂರ್ಣಾಂಕ.

ದಸರೆಯ ಹಿಂದಿನ ದಿನ ಅಕ್ಕ ಬಸ್ಸಿನಲ್ಲಿ ನಮ್ಮ ಮನೆಗೆ ಬಂದಳು. ಹಬ್ಬದ ಬೆಳಿಗ್ಗೆ ಎಲ್ಲರೂ ಬುದ್ಧವಿಹಾರಕ್ಕೆ ಹೋಗಿ ವಂದನೆ ಮುಗಿಸಿ ಬಂದೆವು. ಇನ್ನು ಹುಲಸೂರಿಗೆ ಹೊರಡುವುದು. ಅಕ್ಕ ಬಿಳಿ ಸೀರೆಯುಟ್ಟು ಮುಂದಿನ ಸೀಟಿನಲ್ಲಿ ಕೂತಳು, ಹೆಂಡತಿ ಹಿಂದೆ. ಓಣಿಯ ಅರ್ಧ ಜನ ನೋಡಲು ನಿಂತಿದ್ದರು, ಕರೆದವನು ನಾನೇ. ಕೀಲಿ ತಿರುಗಿಸಿದೆ.

ಟಕ್ ಎಂದಿತು. ಮತ್ತೆ ತಿರುಗಿಸಿದೆ. ಮತ್ತೆ ಟಕ್. ಅದರಾಚೆ ಏನೂ ಇಲ್ಲ.

ಖಾಜಾಮಿಯಾರಿಗೆ ಫೋನು ಮಾಡಿದರೆ ಅವರು ಉದಗೀರದಲ್ಲಿ ಬೀಗರ ಮನೆಯಲ್ಲಿದ್ದರು. ಊರಿನ ಉಳಿದ ಗ್ಯಾರೇಜುಗಳಲ್ಲಿ ಹಬ್ಬದ ಹಾರ ಬಿದ್ದು ಬಾಗಿಲು ಮುಚ್ಚಿತ್ತು. ಹಗ್ಗ ಕಟ್ಟಿ ಎಳೆಯೋಣ ಎಂದು ಯಾರೋ ಅಂದರು. ಹಗ್ಗ ಎಂಬ ಮಾತು ಕೇಳಿದಾಗ ಅಕ್ಕನ ಮುಖವನ್ನು ನೋಡುವ ಧೈರ್ಯ ನನಗೆ ಬರಲಿಲ್ಲ. ಗುಜರಿಯವನು ನಾಳೆ ಬರುತ್ತಾನೆ. ನಾನು ಮೂರನೆಯ ಸಲ ಕೀಲಿ ತಿರುಗಿಸಿದೆ, ಅದೇ ಟಕ್. ನನಗೆ ನಿಜವಾಗಿ ಅಳು ಬಂದಿತ್ತು.

ಅಕ್ಕ ಬಾಗಿಲು ತೆಗೆದು ಇಳಿದಳು. ಒಳಗೆ ಹೋಗಿಬಿಡುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ಕಾರಿನ ಮೈ ಸವರುತ್ತ ಮುಂದೆ ಬಂದು, “ಬಾನೆಟ್ಟ ಎತ್ತು,” ಎಂದಳು. ಎತ್ತಿದೆ. ಆಕೆ ನೋಡಲು ಪ್ರಯತ್ನವನ್ನೇ ಮಾಡಲಿಲ್ಲ; ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡು ಎರಡೂ ಕೈಯನ್ನು ಒಳಗೆ ಚಾಚಿದಳು. ಸುಕ್ಕಿನ ಮುಚ್ಚಳದ ಮೇಲೆ ಬೆರಳು ಬಂದಾಗ ಒಂದು ಕ್ಷಣ ನಿಂತಳು. “ಇದೇನೋ ಇದು, ಛಲೋ ಅದ,” ಎಂದಳು. ಬೆರಳುಗಳು ಅಲ್ಲಿಂದಿಳಿದು ಪಕ್ಕೆಗೆ ಹೋದವು, ಪಟ್ಟಿಯನ್ನು ಹಿಡಿದವು, ಪಟ್ಟಿಯಗುಂಟ ಬೋಲ್ಟಿಗೆ ಬಂದವು. ಹೆಬ್ಬೆರಳು ಬೋಲ್ಟಿನ ಸುತ್ತ ಮೆಲ್ಲಗೆ ಒಂದು ಸುತ್ತು ಬಂತು. ಇನ್ನೊಂದು ಸುತ್ತು ಬಂತು.

“ತಮ್ಮಾ, ಇಲ್ಲಿ ಬಣ್ಣ ಯಾರ ಹಚ್ಚಿದ್ರು?”

ಹಿಂದಿನ ಸೀಟಿನಿಂದ ಹೆಂಡತಿ ಅತ್ಯಂತ ಸ್ಪಷ್ಟವಾದ ಉಚ್ಚಾರಣೆಯಲ್ಲಿ ಆ ಕರ್ತೃಪದವನ್ನು ಒದಗಿಸಿದಳು.

“ಪಾನಾ ತಾ,” ಎಂದಳು ಅಕ್ಕ. “ಉಪ್ಪಕಾಗದ ಅದ ಏನು?”

ಬಣ್ಣ ಹಚ್ಚುವವನ ಮನೆಯಲ್ಲಿ ಉಪ್ಪುಕಾಗದಕ್ಕೆ ಬರವೇ? ತಂದುಕೊಟ್ಟೆ. ಆಕೆ ಸೆರಗು ಸಿಕ್ಕಿಸಿಕೊಂಡಳು. ಬೋಲ್ಟು ಬಿಚ್ಚಿ, ಮುಖ ಆಕಾಶದ ಕಡೆಗಿಟ್ಟುಕೊಂಡು, ಗಸಗಸ ತಿಕ್ಕತೊಡಗಿದಳು. ದಸರೆಯ ದಿನ, ಬಿಳಿ ಸೀರೆ, ಅದೇ ಸದ್ದು. ಇಷ್ಟು ವರ್ಷ ಪ್ರತಿ ದಸರೆಗೆ ನಾನು ನೋಡಿದ್ದು ಇದನ್ನೇ, ಕೇಳಿರಲಿಲ್ಲ ಅಷ್ಟೇ. ತಿಕ್ಕುತ್ತ ತಿಕ್ಕುತ್ತ ಆಕೆ, ಹಿಂದೆ ಗರ್ಭಿಣಿಯರಿಗೆ ಮಾತ್ರೆ ನುಂಗುವ ಕ್ರಮ ಹೇಳುತ್ತಿದ್ದ ಅದೇ ಧ್ವನಿಯಲ್ಲಿ ನನಗೆ ಹೇಳಿದಳು:

“ಎಂಜಿನ್ನು ರಬ್ಬರ ಮ್ಯಾಲೆ ಕೂತಿರ್ತದ. ಗಾಡಿ ಮೈಗೂ ಅದಕ್ಕೂ ಸಂಬಂಧ ಇಲ್ಲ. ಇದೊಂದು ಪಟ್ಟಿಲಿಂದಾನೇ ಸಂಬಂಧ. ಕಬ್ಬಿಣಕ್ಕ ಕಬ್ಬಿಣ ಮುಟ್ಟಬೇಕೋ. ನಡುವ ಬಣ್ಣ ಬಂತಂದ್ರ ಕರೆಂಟ ದಾಟಂಗಿಲ್ಲ, ಬ್ಯಾಟರಿ ಎಷ್ಟ ಜೋರಿದ್ರೂ ಏನು.”

ಬೋಲ್ಟಿನ ತಿರುಪನ್ನೂ ತಿಕ್ಕಿ, ಪಟ್ಟಿ ಕೂರಿಸಿ ಬಿಗಿದಳು. ಕೈ ಒರೆಸಿಕೊಳ್ಳಲಿಲ್ಲ. ಸುತ್ತಿ ಬಂದು, ನನ್ನನ್ನು ಬದಿಗೆ ಸರಿಸಿ, ನಡೆಸುವವರ ಸೀಟಿನಲ್ಲಿ ತಾನು ಕೂತಳು. ಐದು ವರ್ಷದ ಮೇಲೆ ಆ ಕೈ ಆ ಕೀಲಿಯ ಮೇಲೆ ಬಂದಿತ್ತು. ತಿರುಗಿಸಿದಳು. ಎಂಜಿನ್ನು ಎದ್ದಿತು. ಅಕ್ಕ ಕಣ್ಣು ಮುಚ್ಚಿಕೊಂಡು, ಎರಡೂ ಕೈಯನ್ನು ಸ್ಟೀರಿಂಗಿನ ಮೇಲಿಟ್ಟು, ಅದರ ನಡುಕವನ್ನು ಕೈಯಲ್ಲಿ ಕೇಳುತ್ತ ಕೂತಳು. ಆಮೇಲೆ ತಾನಾಗಿಯೇ ಇಳಿದು, ಪಕ್ಕದ ಸೀಟಿಗೆ ಹೋಗಿ, “ನಡಿ,” ಎಂದಳು.

ಹುಲಸೂರಿನ ಹಾದಿಯಲ್ಲಿ ತೊಗರಿ ಹೂ ಬಿಡಲು ಹತ್ತಿತ್ತು. ನಾನು ಎಂದಿನಂತೆ ಕೆಟ್ಟದಾಗಿ ನಡೆಸಿದೆ, ಆಕೆ ಎಂದಿನಂತೆ ಗೇರು ಬದಲಿಸು ಎಂದು ಗದರಿದಳು. ಕಾರು ತನ್ನ ಕಾಲ ಮೇಲೆ ನಡೆದು ಅಂಗಳಕ್ಕೆ ಬಂತು. ಅಕ್ಕ ಒಳಗೆ ಹೋಗುವ ಮೊದಲೇ ಫೋನು ತೆಗೆದು ಗುಜರಿಯವನಿಗೆ ಹೇಳಿದಳು: “ನಾಳಿ ಬರಬ್ಯಾಡಪ್ಪ. ಗಾಡಿ ನಡ್ಯಾಕತ್ತದ.” ಆಮೇಲೆ ಬಾನೆಟ್ಟಿನ ಮೇಲೆ ಕೈಯಿಟ್ಟು ನನಗೆ ಅಂದಳು, “ಬಣ್ಣ ನೀವೆಲ್ಲಾ ನೋಡ್ಕೋರಿ. ನನಗ ಆ ಖಾಲಿ ಜಾಗ ಒಂದ ಇರ್ಲಿ, ನನ್ನ ಗಾಡಿ ಅಂತ ಗುರ್ತ ಸಿಗ್ತದ.”

ನಾಗನಾಥನಿಗೆ ಫೋನು ಮಾಡಿ ತಪ್ಪೊಪ್ಪಿಕೊಂಡೆ. ಅವನು ನಗದೆ ಕೇಳಿಸಿಕೊಂಡ. ಕಪ್ಪು ಪುಡಿ ಕಬ್ಬಿಣವನ್ನು ಓಡಿಬಂದು ತಬ್ಬಿದ್ದನ್ನು ನೆನೆಯುತ್ತೇನೆ. ಅದಕ್ಕೆ ಹಾಗೆ ತಬ್ಬಲು ಸಾಧ್ಯವಾದದ್ದು ಕೊಂಡಿ ಹಿಡಿದಿದ್ದ ಆ ಒಂದು ಜಾಗ ಬಣ್ಣವಿಲ್ಲದೆ ಇದ್ದುದರಿಂದ. ಎಂಜಿನ್ನು ಎದ್ದದ್ದೂ ಅದೇ ಜಾಗದಿಂದ. ಇದನ್ನು ತಿಳಿದವರು ಹುಮನಾಬಾದಿನ ತಗಡಿನ ಶೆಡ್ಡಿನಲ್ಲಿದ್ದಾರೆ, ಹುಲಸೂರಿನ ಒಂದು ಅಂಗಳದಲ್ಲಿದ್ದಾರೆ. ನನಗೆ ಮಾತ್ರ ಗೊತ್ತಿರಲಿಲ್ಲ.

ಇನ್ನು ಬಾಗಿಲಿಗೆ ಬರೋಣ. ಹೋದ ವಾರ ಹಸಿರು ಡಬ್ಬಿ ತೆರೆದು, ಕುಂಚ ಅದ್ದಿ, ಹೊರಗೆ ಬಂದು, ಚಿಲಕ ಹಾಕದೆ ಬಾಗಿಲು ಎಳೆದುಕೊಂಡು ನಿಂತಿದ್ದೆ. ಓಣಿಯ ತಿರುವಿನಲ್ಲಿ ಅಕ್ಕ ಬರುವುದು ಕಂಡಿತು. ಕಣ್ಣಿನ ತಪಾಸಣೆಗೆಂದು ಬಸ್ಸಿನಲ್ಲಿ ಒಬ್ಬಳೇ ಬಂದಿದ್ದಳು. ಆಕೆಯ ಕೊಳವೆ ಇನ್ನಷ್ಟು ಕಿರಿದಾಗಿದೆ. ಬದಿಗೆ ಸರಿದು ನಿಂತಿದ್ದ ನಾನು ಕಾಣಿಸಲಿಲ್ಲ. ಮಾತನಾಡಿಸಬೇಕೆಂದವನು ಯಾಕೋ ಸುಮ್ಮನೆ ನೋಡುತ್ತ ನಿಂತೆ. ಮೆಟ್ಟಿಲನ್ನು ಕಾಲಿನಿಂದ ಎಣಿಸುತ್ತ ಹತ್ತಿದಳು. ಬಾಗಿಲಿನ ಮುಂದೆ ನಿಂತು ಕೈ ಚಾಚಿದಳು. ಆ ಕೈ ಹಸಿರಿನ ಮೇಲೆ ಅತ್ತ ಇತ್ತ ಸ್ವಲ್ಪ ತಡಕಾಡಿ, ಬಣ್ಣ ಹೋದ ಆ ಅಂಗೈಯಗಲದ ಕಟ್ಟಿಗೆಗೆ ಬಂತು. ಅಲ್ಲಿ ಒಂದು ಗಳಿಗೆ ಇದ್ದು, ದೂಡಿತು.

ಬಾಗಿಲು ತೆರೆಯಿತು. ಅಕ್ಕ ಒಳಗೆ ಹೋದಳು. ನಾನು ಕುಂಚವನ್ನು ಒರೆಸಿ, ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿ, ಅವಳು ಕೈಯಿಟ್ಟ ಜಾಗದಲ್ಲೇ ಕೈಯಿಟ್ಟು, ಹಿಂದೆಯೇ ಒಳಗೆ ಹೋದೆ.